ಕಂಪ್ಯೂಟರ್ ಮೇಷ್ಟ್ರ ಅಣಬೆ

ಮೂರ್ನಾಡಿನ ಪೇಟೆ ಬದಿಯಲ್ಲಿ ಯಾರೋ ಕೆಸುವಿನ ಎಲೆಯ ಮೇಲೆ ಅಣಬೆ ಗುಡ್ಡೆ ಹಾಕಿಕೊಂಡು ಕೂತಿದ್ದರು. ಆ ಹಸಿಮಣ್ಣಿನ ವಾಸನೆ ಮೂಗಿಗೆ ತಾಗಿದ್ದೇ ರಸ್ತೆಯ ಆಚೆ ಬದಿಗೆ ದಾಟಿಬಿಟ್ಟೆ. ಹಿಂದೆ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ಕಣ್ಣಮುಂದೆ ಬಂದರು...

ಮೈಸೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರೊಫೆಸರ್ ಆಗಿದ್ದು, ನಿವೃತ್ತಿಯಾದ ಮೇಲೆ ಒಬ್ಬರೇ ಬಂದು ಇಲ್ಲಿ ಬಾಡಿಗೆಗಿದ್ದರು. ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಒಂದು ಹಾರ್ಮೋನಿಯಂ ಇತ್ತು. ಅದರಲ್ಲಿ ಅವರು ಎರಡು ರಾಗ ದಾಟಿದ್ದನ್ನು ನಾನು ಎಂದೂ ಕೇಳಿಲ್ಲ. ಉಳಿದ ಹೊತ್ತೆಲ್ಲ ಅಣಬೆಯ ಹುಚ್ಚು. ಗುಡುಗಿದ ಮಾರನೇ ದಿನ ಬುಟ್ಟಿ ಹಿಡಿದು ಕಾಫಿ ತೋಟದಂಚಿಗೆ ಹೊರಟುಬಿಡುತ್ತಿದ್ದರು. ಫೋಟೋ ತೆಗೆದರೆ ಯಾವ ಅಣಬೆಯೆಂದು ಫೋನೇ ಹೇಳುತ್ತದಂತೆ ಎಂದು ನನ್ನ ಗಂಡ ಒಮ್ಮೆ ಅಂದಾಗ ಅವರು ನಗಲಿಲ್ಲ. "ಅದಕ್ಕೆ ಹೆಸರು ಹೇಳೋದು ಕಲಿಸಿದ್ದೀವಿ ಕಣಯ್ಯ, ಹೆದರೋದು ಕಲಿಸಿಲ್ಲ."

ಆಗ ಮಗಳಿನ್ನೂ ಚಿಕ್ಕವಳು. ಒಂದು ದಿನ ಬೆಳಿಗ್ಗೆ ತಂದದ್ದರಲ್ಲಿ ಅರ್ಧವನ್ನು ಎಲೆಯಲ್ಲಿ ಸುತ್ತಿ ನಮಗೆ ಕೊಟ್ಟರು. ಹಾಗೆ ಎಷ್ಟೋ ಸಲ ಕೊಟ್ಟಿದ್ದರು. ಸಾರು ಮಾಡಿದೆ. ಮಗಳು ಅಕ್ಕಿರೊಟ್ಟಿ ಜೊತೆ ಮತ್ತೆ ಮತ್ತೆ ಹಾಕಿಸಿಕೊಂಡಳು.

ಮಧ್ಯಾಹ್ನ ಗೇಟು ದಡಾರನೆ ತೆರೆಯಿತು. ಮೇಷ್ಟ್ರು ಬರಿಗಾಲಲ್ಲಿ ಓಡಿಬಂದಿದ್ದರು. ಅಂಗೈಯಲ್ಲಿ, ತಮ್ಮ ಅಡಿಗೆಮನೆಯಲ್ಲಿ ಕತ್ತರಿಸಿ ಎಸೆದಿದ್ದ ಅಣಬೆಯ ಬುಡ. ಅದರ ಸುತ್ತ ತೆಳುವಾದ ಬಿಳಿ ಚೀಲ.

"ಇದನ್ನ ನಾನು ಗಮನಿಸ್ಲೇ ಇಲ್ಲ. ಬುಡಕ್ಕೆ ಚೀಲ ಇರೋ ಈ ಜಾತಿ ವಿಷ ಇರಬಹುದು. ನಾನೂ ತಿಂದೆ, ನಿಮಗೆ ಕೊಟ್ಟಿದ್ರಲ್ಲೂ ಇತ್ತೋ ಏನೋ... ಮಗು ತಿಂತಾ?"

"ತಿಂದ್ಲು. ಎಂತ ಸಾರ್, ಆರಾಮಾಗಿ ಆಡ್ತಿದ್ದಾಳಲ್ಲ?"

"ಈಗ ಏನೂ ಗೊತ್ತಾಗಲ್ಲಮ್ಮ. ಅದೇ ನನ್ನ ಭಯ. ಮೊದಲು ಹೊರಡಿ!"

ಗಂಡ ಜೀಪು ತೆಗೆದರು, ಮೇಷ್ಟ್ರೂ ಹತ್ತಿದರು. ಮಡಿಕೇರಿಯ ದಾರಿಯುದ್ದಕ್ಕೂ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟೇ ಕೂತಿದ್ದೆ. ಅವಳು ಆಕಳಿಸಿದರೂ ಎಲ್ಲಿ ನೋವು ಎಂದು ಕೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮೆಲ್ಲರ ರಕ್ತ ತೆಗೆದು, ಔಷಧಿ ಕೊಟ್ಟು, ಇನ್ನು ಕಾದು ನೋಡಬೇಕು ಎಂದರು. ಆ ಕಾಯುವುದಿದೆಯಲ್ಲ... ಮೇಷ್ಟ್ರು ತಮ್ಮ ಮಂಚದಿಂದ ಎದ್ದು ಬಂದು, ಒಂದೇ ಕೈಯ ಬೆರಳು ಮಡಚಿ ಬಿಚ್ಚಿ ಮೂವತ್ತೊಂದರ ತನಕ ಎಣಿಸುವುದನ್ನು ಮಗಳಿಗೆ ಕಲಿಸಿದರು. ಕಂಪ್ಯೂಟರ್ ಎಣಿಸುವುದು ಹೀಗೇ ಎಂದರು. ಅವಳು ಕಿಲಕಿಲ ನಗುತ್ತಿದ್ದಳು. ಮೇಷ್ಟ್ರು ನಡುನಡುವೆ ಗೋಡೆಯ ಗಡಿಯಾರ ನೋಡುತ್ತಿದ್ದರು.

ಸಂಜೆಗೆ ಅವರಿಗೆ ವಾಂತಿ ಶುರುವಾಯಿತು. ನಾನು ಮಗಳ ಮುಖವನ್ನೇ ನೋಡುತ್ತಾ ಕೂತೆ. ಈಗ ಇವಳಿಗೆ... ಈಗ ಇವಳಿಗೆ... ಅವಳಿಗೆ ಏನೂ ಆಗಲಿಲ್ಲ. ನಮಗೂ ಆಗಲಿಲ್ಲ. ಕೆಟ್ಟದ್ದು ಅವರ ಪಾಲಿನಲ್ಲಷ್ಟೇ ಇತ್ತು.

ಅವರನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ಯುವಾಗ ಆಂಬುಲೆನ್ಸಿನ ಬಾಗಿಲಲ್ಲಿ ನನ್ನ ಕೈ ಹಿಡಿದು, "ಮಗು?" ಎಂದರು.

"ಚೆನ್ನಾಗಿದ್ದಾಳೆ ಸಾರ್."

ಕೈ ಬಿಟ್ಟು, ತಲೆಯನ್ನು ದಿಂಬಿಗೆ ಒರಗಿಸಿದರು. ಅವರು ಮತ್ತೆ ಆ ಮನೆಗೆ ಬರಲಿಲ್ಲ. ಲಿವರ್ ಪೂರ್ತಿ ಕೆಟ್ಟಿತ್ತಂತೆ. ವಾರ ಕಳೆಯುವುದರೊಳಗೆ ಸುದ್ದಿ ಬಂತು.

ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ. ಹೊಟ್ಟೆನೋವು ಎಂದು ಫೋನು ಮಾಡಿದರೆ ಏನು ತಿಂದೆ, ಯಾರು ಕೊಟ್ಟರು ಎಂದೇ ಮೊದಲು ಕೇಳುತ್ತೇನೆ. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಮೊನ್ನೆ ಆ ಮನೆಯಾಕೆ ಬೇಲಿಯಾಚೆಯಿಂದ ಬಿಸಿ ಪಾಯಸದ ಪಾತ್ರೆ ಚಾಚಿದರು. ನಕ್ಕು ತೆಗೆದುಕೊಂಡೆ. ಒಳಗೆ ಬಂದು, ಬಡಿಸಲೂ ಆಗದೆ ಚೆಲ್ಲಲೂ ಆಗದೆ, ಅದು ತಣ್ಣಗಾಗುವ ತನಕ ಹಿಡಿದುಕೊಂಡೇ ನಿಂತಿದ್ದೆ. ಹೆದರಬೇಕೋ ಬೇಡವೋ ಎಂದು ಕೇಳೋಣವೆಂದರೆ ಮೇಷ್ಟ್ರಿಲ್ಲ.