ಅದಲುಬದಲಾದ ಎರಡು ಖಾತೆ

ಟುಂಯ್. ಸ್ವಲ್ಪ ಹೊತ್ತಿಗೆ ಇನ್ನೊಂದು ಟುಂಯ್. ಆಮೇಲೆ ಒಟ್ಟಿಗೇ ಏಳೆಂಟು. ಸ್ಯಾಲರಿ ದಿನ ನಮ್ಮ ಶೆಡ್ಡಿನ ಗೋಡೆಗೆ ಸಾಲಾಗಿ ನೇತುಹಾಕಿದ ಊಟದ ಚೀಲಗಳೊಳಗಿಂದ ಬರುತ್ತಿದ್ದ ಬ್ಯಾಂಕ್ ಮೆಸೇಜಿನ ಸದ್ದು ಅದು. ಯಾರ ಚೀಲ ಮೊದಲು ಕೂಗುತ್ತದೆ ಎಂದು ಹೆಂಗಸರು ಪಂಥ ಕಟ್ಟುತ್ತಿದ್ದರು.

ಮೆಕ್ಕೆಜೋಳದ ಬೀಜ ಆರಿಸಿ ಪ್ಯಾಕ್ ಮಾಡುವ ಸಣ್ಣ ಘಟಕ, ನ್ಯಾಮತಿಯ ಅಂಚಿನಲ್ಲಿ. ನಾನು ಅಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಅರವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವಳು. ಕಾನ್ವೆಂಟಿನ ಇಂಗ್ಲಿಷ್ ಇತ್ತಾದ್ದರಿಂದ ಸ್ಕ್ರೀನ್ ಮೇಲೆ ಬಂದದ್ದನ್ನೆಲ್ಲ ಓದುತ್ತಿದ್ದೆ. ಎಲ್ಲ ಅರ್ಥವಾಗುತ್ತಿತ್ತೆಂದು, ಫ್ರ್ಯಾಂಕ್ಲಿ, ಹೇಳಲಾರೆ. ಸಂಬಳವನ್ನು ಕವರಿನಲ್ಲಿ ಕೊಡುವುದು ನಿಂತು ನೇರ ಖಾತೆಗೆ ಹಾಕಲು ಶುರುವಾದಾಗ, ಪಾಸ್‌ಬುಕ್ಕಿನ ಜೆರಾಕ್ಸ್ ನೋಡಿ ಎಲ್ಲರ ನಂಬರ್ ತುಂಬಿದವಳು ನಾನೇ.

ನಮ್ಮಲ್ಲಿ ಒಂದೇ ಹೆಸರಿನ, ಒಂದೇ ಇನಿಷಿಯಲ್ಲಿನ ಇಬ್ಬರಿದ್ದರು. ಪ್ಯಾಕಿಂಗಿನವಳು ನ್ಯಾಮತಿಯವಳೇ, ಹಳಬಳು, ಸಂಬಳವೂ ಹೆಚ್ಚು. ಅವಳನ್ನು ದೊಡ್ಡಾಕಿ ಅನ್ನುತ್ತಿದ್ದರು. ಬೀಜ ಆರಿಸುತ್ತಿದ್ದ ಸಣ್ಣಾಕಿ ಸವಳಂಗದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಸಂಜೆ ಬಸ್ಸು ತಪ್ಪಿತೆಂದರೆ ಅವಳ ನಾಲ್ಕು ವರ್ಷದ ಮಗಳು ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಯುತ್ತಾ ಕೂತಿರುತ್ತಿತ್ತು. ಅದಕ್ಕೇ ಅವಳಿಗೊಂದು ಸ್ಕೂಟಿ ಬೇಕಿತ್ತು. ಲೋನಿಗೆ ಅರ್ಜಿ ಹಾಕಿದ್ದಳು.

ಒಂದು ಮಧ್ಯಾಹ್ನ ಪಾಸ್‌ಬುಕ್ ಹಿಡಿದು ನನ್ನ ಟೇಬಲ್ ಮುಂದೆ ನಿಂತಳು.

“ಅಮ್ಮಾರೆ, ಬ್ಯಾಂಕ್‌ನಾಗೆ ಲೋನ್ ಕೊಡಾಕೆ ಆಗಲ್ಲ ಅಂತಾರ್ರೀ. ನಿಮ್ಮ ಸ್ಲಿಪ್‌ನಾಗೆ ಕಮ್ಮಿ ಐತೆ, ಪಾಸ್‌ಬುಕ್‌ನಾಗೆ ಜಾಸ್ತಿ ಐತಂತೆ.”

ಲಿಸ್ಟ್ ತೆಗೆದು ಪಾಸ್‌ಬುಕ್ಕಿನ ಜೊತೆ ಹೋಲಿಸಿದೆ. ಇವಳ ಹೆಸರಿನ ಮುಂದೆ ದೊಡ್ಡಾಕಿಯ ಖಾತೆ, ದೊಡ್ಡಾಕಿಯ ಮುಂದೆ ಇವಳದು. ಹೆಸರು ಒಂದೇ ಆದ್ದರಿಂದ ಬ್ಯಾಂಕೂ ತಕರಾರು ಮಾಡಿರಲಿಲ್ಲ. ಎಂಟು ತಿಂಗಳು ಒಬ್ಬಳ ಸಂಬಳ ಇನ್ನೊಬ್ಬಳಿಗೆ ಹೋಗಿತ್ತು.

“ಇಷ್ಟು ದಿನ ಗೊತ್ತೇ ಆಗಲಿಲ್ವೇನೆ?”

“ಮೊದಲನೇ ತಿಂಗಳೇ ಗೊತ್ತಾತು. ಹೆಚ್ಚಿಗೆ ಬಂದಿದ್ದು ತೆಗೆದು ಪ್ಯಾಕಿಂಗಿನ ಅಕ್ಕನ ಕೈಗೆ ಕೊಡ್ತಿದ್ದೆ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ದೊಡ್ಡಾಕಿಯಿಂದ. “ಹೆಂಗೆ ಹೇಳಾದು ರೀ? ಸಾವ್ಕಾರ್ರು ಈ ವಯಸ್ಸಿನಾಗೆ ನಿಮ್ಮನ್ನ ಬೈದ್ರೆ? ನಾನೇ ಸುಮ್ನಿರು ಅಂದೆ. ನನ್ನ ರೊಕ್ಕ ಎಲ್ಲಿಗೆ ಹೋಗ್ತಿತ್ತು, ಇವಳು ಓಡಿ ಹೋಗಾಕೆ ಇನ್ನೂ ಗಾಡಿನೂ ಬಂದಿಲ್ಲ!”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಒಂದೇ ನಂಬರನ್ನು ಇಬ್ಬರ ಹೆಸರಿಗೆ ಹಾಕಲು ಸಾಫ್ಟ್‌ವೇರ್ ಬಿಡುವುದಿಲ್ಲ. ಮೊದಲು ದೊಡ್ಡಾಕಿಯ ಸಂಬಳವನ್ನು ಕ್ಯಾಶ್ ಎಂದು ಮಾಡಿ, ಅವಳ ಮುಂದಿದ್ದ ನಂಬರ್ ಅಳಿಸಿ, ಅದನ್ನು ಸಣ್ಣಾಕಿಗೆ ಹಾಕಿ, ಆಮೇಲೆ ದೊಡ್ಡಾಕಿಯದನ್ನು ಹೊಸದಾಗಿ ತುಂಬಿದೆ. ಒಂದೊಂದು ಅಂಕಿಯನ್ನೂ ಅವರಿಂದಲೇ ಜೋರಾಗಿ ಓದಿಸಿದೆ. ಹಳೆಯ ತಿಂಗಳುಗಳನ್ನು ಏನು ಮಾಡಲಿ ಎಂದು ಸಾಫ್ಟ್‌ವೇರಿನವರ ಹೆಲ್ಪ್‌ಲೈನಿಗೆ ಫೋನ್ ಮಾಡಿ ಕೇಳಿದರೆ, “ಹೋದ ದುಡ್ಡಿನ ಎಂಟ್ರಿ ಮುಟ್ಟಬೇಡಿ ಮೇಡಂ, ಬ್ಯಾಂಕಿಗೂ ನಿಮಗೂ ತಾಳೆಯಾಗಲ್ಲ” ಅಂದರು.

ಆದರೆ ಲೋನಿಗೆ ಬೇಕಾಗಿದ್ದದ್ದು ಆ ಹಳೆಯ ತಿಂಗಳುಗಳೇ. ಪಾಸ್‌ಬುಕ್ಕಿಗೆ ಹೊಂದುವಂತೆ ಬೇರೆ ಸ್ಲಿಪ್ ಟೈಪ್ ಮಾಡಿಕೊಟ್ಟರೆ ಅವಳ ಕೆಲಸವೂ ಆಗುತ್ತಿತ್ತು, ನನ್ನ ತಪ್ಪೂ ಮುಚ್ಚುತ್ತಿತ್ತು. ಹತ್ತು ನಿಮಿಷ ಆ ಯೋಚನೆಯಲ್ಲೇ ಕೂತಿದ್ದೆ, ಇಲ್ಲವೆನ್ನಲಾರೆ. ಆಮೇಲೆ ಎದ್ದು ಸಾಹುಕಾರರ ರೂಮಿಗೆ ಹೋದೆ. ನಮ್ಮ ಸ್ಕೂಲಿನಲ್ಲಿ ತಪ್ಪು ಮಾಡಿದವರು ಬೆಂಚಿನ ಪಕ್ಕ ನಿಂತು “ಇಟ್ ವಾಸ್ ಮೀ, ಸಿಸ್ಟರ್” ಅನ್ನಬೇಕಿತ್ತು. ಹೆಚ್ಚುಕಡಿಮೆ ಹಾಗೆಯೇ ನಿಂತೆ.

ಅವರು ಕನ್ನಡಕ ತೆಗೆದರು. “ಎಂಟು ತಿಂಗಳಾ?”

“ಹೌದು.”

ಕನ್ನಡಕ ಮತ್ತೆ ಹಾಕಿಕೊಂಡು, “ಲೆಟರ್‌ಹೆಡ್ ಮ್ಯಾಲೆ ಇದ್ದದ್ದು ಇದ್ದಂಗೆ ಬರೀರಿ. ಸೈನ್ ಮಾಡ್ತೀನಿ” ಅಂದರು.

ತಪ್ಪು ಕೆಲಸದವರದಲ್ಲ, ಲೆಕ್ಕ ಬರೆದವಳದು ಎಂದೇ ಬರೆದೆ. ದೊಡ್ಡಾಕಿ ತನ್ನ ಪಾಸ್‌ಬುಕ್ಕನ್ನೂ ತೆಗೆದುಕೊಂಡು ಸಣ್ಣಾಕಿಯ ಜೊತೆ ಬ್ಯಾಂಕಿಗೆ ಹೋದಳು. ಮುಂದಿನ ವಾರ ಲೋನ್ ಆಯಿತು.

ಗಾಡಿ ಬಂದ ಮೇಲೆ ಶಿವಮೊಗ್ಗವೂ ಸಣ್ಣಾಕಿಗೆ ದೂರವೆನಿಸಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲೊಂದು ಕಡೆ ನಾಲ್ಕು ಗಂಟೆಗೇ ಬಿಡುವ ಕೆಲಸ ಸಿಕ್ಕಿತು. “ಲೆಟರ್ ಕೊಟ್ಟು ನೀವೇ ಕಳಿಸಿದಂಗಾತು ನೋಡ್ರಿ” ಎಂದು ದೊಡ್ಡಾಕಿ ನನ್ನನ್ನು ಚುಚ್ಚಿದಳು. ಸುಳ್ಳಲ್ಲ.

ಕೊನೆಯ ದಿನ ಸಣ್ಣಾಕಿ ಸ್ಕೂಟಿಯಲ್ಲಿ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಬಂದಳು. ಲೆಕ್ಕ ಚುಕ್ತಾ ಮಾಡಿ ಸೈನ್ ಹಾಕಿಸಿಕೊಂಡೆ. ಗೇಟಿನ ಹತ್ತಿರ ಚೀಲದ ಲೋಡಿನ ಲಾರಿಯೊಂದು ಒಳಗೆ ಬರುತ್ತಿತ್ತು. ಅದು ಬರುವವರೆಗೂ ಒಂದು ಕಾಲು ನೆಲಕ್ಕೂರಿ ಕಾದಳು, ಸೆರಗು ಸಿಕ್ಕಿಸಿಕೊಂಡಳು, ಸವಳಂಗದ ಕಡೆ ತಿರುಗಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.