ಗುನ್ವೋರಳ ನಾಯಿ ಟುಸ್ಸೆ

ನಾಯಿಗಿರುವ ನಿಯತ್ತು ಮನುಷ್ಯರಿಗಿಲ್ಲ ಅನ್ನುವ ಮಾತನ್ನು ನನ್ನೆದುರು ಯಾರೂ ಆಡಕೂಡದು. ಮೈ ಉರಿಯುತ್ತದೆ.

ಗುನ್ವೋರ್ ನನ್ನ ಪಕ್ಕದ ಮನೆಯವಳು. ಸ್ವೀಡನ್ನಿನ ಉತ್ತರದ ಈ ಹಿಮದ ರಸ್ತೆಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಗಟ್ಟಿಗಿತ್ತಿ. ಗಂಡ ಸತ್ತ ವರ್ಷ ಬೇಟೆ ಜಾತಿಯ ಒಂದು ಬೂದು ಮರಿ ತಂದು ಟುಸ್ಸೆ ಎಂದು ಹೆಸರಿಟ್ಟಳು. ಬಸ್ಸಿನಲ್ಲಿ ಅವಳ ಸೀಟಿನ ಹಿಂದೆಯೇ ಅದರ ಜಾಗ. ಅವಳು ಉಂಡರೆ ಅದು ಉಣ್ಣಬೇಕು, ಅದು ಮಲಗಿದರೆ ಅವಳು ಮಲಗಬೇಕು.

ಆಮೇಲೆ ಸಿಕ್ಸ್ಟೆನ್ ಬಂದ. ದಕ್ಷಿಣದ ಕಡೆಯವನು, ಬಾಯಿ ದೊಡ್ಡದು, ಕುಣಿತ ಚೆನ್ನಾಗಿ ಬರುತ್ತಿತ್ತು. ಮೂರು ವರ್ಷ ಅವನ ಮನೆ ಅವನಿಗೆ, ಇವಳ ಮನೆ ಇವಳಿಗೆ. ವಯಸ್ಸಾದ ಮೇಲೆ ಜೋಡಿಯಾದವರು ನಮ್ಮಲ್ಲಿ ಹಾಗೇ ಇರುತ್ತಾರೆ, ಯಾರೂ ಆಡಿಕೊಳ್ಳುವುದಿಲ್ಲ. ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಮಾರ್ಚಿನಲ್ಲಿ ಅವನು ಎರಡು ಪೆಟ್ಟಿಗೆ, ಒಂದು ಆರಾಮಕುರ್ಚಿ ಹೊತ್ತು ಇವಳ ಮನೆಗೇ ಬಂದುಬಿಟ್ಟ.

ಟುಸ್ಸೆ ಅವನನ್ನು ಕುರ್ಚಿಯಲ್ಲಿ ಕೂರಲೂ ಬಿಡಲಿಲ್ಲ. ಗುರ್ರೆಂದಿತು, ಬೂಟಿನೊಳಗೆ ಉಚ್ಚೆ ಹೊಯ್ದಿತು. ಎರಡನೇ ವಾರ ಗುನ್ವೋರ್ ಕಣ್ಣು ಕೆಂಪು ಮಾಡಿಕೊಂಡು ನನ್ನ ಮನೆಗೆ ಬಂದಳು.

"ಮಾರ್ತಾ, ನಾಯಿ ಒಪ್ಪದಿದ್ರೆ ಅವನು ಹೋಗ್ತಾನೆ. ನಾಯಿನ ಬಿಡು ಅಂದ್ರೆ ನನ್ನ ಜೀವ ಹೋಗತ್ತೆ. ಏನಾದ್ರೂ ಮಾಡೇ ಮಾರಾಯ್ತಿ."

ಬೇಟೆಗಾರರ ಸಂಘದಲ್ಲಿ ನಾಯಿ ಪಳಗಿಸುವವಳು ನಾನು. ದೊಡ್ಡ ಪಂಡಿತೆಯ ಹಾಗೆ ಹೇಳಿದೆ: "ಇನ್ಮೇಲೆ ಊಟ ಅವನೇ ಹಾಕ್ಲಿ, ತಿರುಗಾಡಿಸೋದೂ ಅವನೇ. ನೀನು ಮುಟ್ಟಬೇಡ, ಮಾತಾಡಿಸ್ಬೇಡ. ಅದು ಅವನ ಹತ್ರ ತಾನಾಗೇ ಹೋಗತ್ತೆ."

ಎಷ್ಟು ದಿನ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಕಡೆಯವರಿಗೆ ಇದೊಂದು ಕಾಯಿಲೆ. ಹೇಳಿದ್ದನ್ನು ಒಂದು ಸಲ ಕೇಳಿಸಿಕೊಂಡರೆ ಸರಿ, ಮತ್ತೆ ಬಾಯಿ ಬಿಡುವುದಿಲ್ಲ.

ಮೊದಲು ಟುಸ್ಸೆ ಅವನು ಹಾಕಿದ್ದನ್ನು ಮೂಸಿಯೂ ನೋಡಲಿಲ್ಲ. ಕಾರಣ ನನಗೆ ಹೊಳೆಯಿತು. ನಾವಿಲ್ಲಿ ಹೌದು ಅನ್ನುವುದು ಬಾಯಿಂದಲ್ಲ, ತುಟಿ ಮುಂದೆ ಮಾಡಿ ಸರ್ರನೆ ಉಸಿರೆಳೆದರೆ ಅದೇ ಹೌದು. ಗುನ್ವೋರ್ ಹಾಗೆ ಉಸಿರೆಳೆದ ಮೇಲೆಯೇ ಅದು ಬಟ್ಟಲಿಗೆ ಬಾಯಿಡುತ್ತಿದ್ದದ್ದು. ಸಿಕ್ಸ್ಟೆನ್ನನನ್ನು ನನ್ನ ಅಡುಗೆಮನೆಯಲ್ಲಿ ನಿಲ್ಲಿಸಿ ಕಲಿಸಿದೆ.

"ಹೌದು ಅನ್ನೋಕೂ ಉಸಿರು ಒಳಗೇ ಇಟ್ಕೋತೀರಲ್ಲ, ಎಂಥ ಜಿಪುಣ ಜನಾನಪ್ಪಾ!" ಎಂದು ನಕ್ಕ. ಆದರೂ ಕಲಿತ. ಮೂರನೇ ದಿನ ಟುಸ್ಸೆ ಬಟ್ಟಲು ನೆಕ್ಕಿ ಬರಿದು ಮಾಡಿತು. ನಾನು ಬೀಗಿದೆ.

ಚಳಿಗಾಲದ ಹೊತ್ತಿಗೆ ಅದು ಅವನ ಕಾಲಬುಡದಲ್ಲೇ ಮಲಗುತ್ತಿತ್ತು. ಮರುವರ್ಷ ಮೇ ತಿಂಗಳಲ್ಲಿ ಸಿಕ್ಸ್ಟೆನ್ ಹೊರಟುಹೋದ. ಹಳೇ ಹೆಂಡತಿ ಕರೆದಳಂತೆ! ಇವಳ ಮನೆಯಲ್ಲಿ ಕೂತು, ಇವಳ ಕೈಯಡುಗೆ ಉಂಡು, ಆರು ತಿಂಗಳಿಂದ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದನಂತೆ ಅಯೋಗ್ಯ. "ನಾಯಿ ನಿನ್ನದು, ನಾನು ಒಯ್ಯಲ್ಲ" ಎಂದನಂತೆ, ದೊಡ್ಡ ಧರ್ಮರಾಯ.

ಟುಸ್ಸೆ ಗೇಟಿನ ಬಳಿ ಬಿದ್ದುಕೊಂಡಿತು. ಗುನ್ವೋರ್ ಕರೆದಳು, ಬೇಡಿದಳು, ಹಂದಿಮಾಂಸ ಹುರಿದು ಬಾಯಿಗೇ ಹಿಡಿದಳು. ಉಸಿರೆಳೆದೆಳೆದು ಸುಸ್ತಾದಳು. ಅದು ತಲೆ ಎತ್ತಲಿಲ್ಲ. ಒಂಬತ್ತು ದಿನದಲ್ಲಿ ಪಕ್ಕೆಲುಬು ಕಂಡವು. ಹತ್ತನೇ ದಿನ ಅವಳೇ ಅವನಿಗೆ ಫೋನ್ ಮಾಡಿದಳು.

ಅವನು ಬಂದ. ಕಾರಿನಿಂದ ಇಳಿಯುವುದರೊಳಗೆ ಟುಸ್ಸೆ ಎದೆಗೆ ಹಾರಿ ಮುಖವೆಲ್ಲ ನೆಕ್ಕಿತು. ಗುನ್ವೋರ್ ಹಗ್ಗ, ಬಟ್ಟಲು, ಕಂಬಳಿ ಎಲ್ಲ ತಂದುಕೊಟ್ಟಳು. ಕಾರು ತಿರುಗಿತು. ಅದು ಒಂದು ಸಲವೂ ಹಿಂದಕ್ಕೆ ನೋಡಲಿಲ್ಲ.

"ಹಾಳಾಗಿ ಹೋಗ್ಲಿ ಇಬ್ರೂ!" ಎಂದೆ. "ಉಂಡ ಮನೆಗೆ ಎರಡು ಬಗೆದವು."

"ಎರಡು ಬಗೆದಿದ್ದು ಟುಸ್ಸೆ ಅಲ್ಲ." ಗುನ್ವೋರ್ ರಸ್ತೆಯನ್ನೇ ನೋಡುತ್ತಿದ್ದಳು. "ಹೋದ ಬೇಸಗೆಯೆಲ್ಲ ಅದು ನನ್ನ ಹಾಸಿಗೆ ಪಕ್ಕ ಬಂದು ಕುಂಯ್ ಅಂತ ಅಳ್ತಿತ್ತು. ಕೈ ಚಾಚಿದ್ರೆ ಸಾಕಿತ್ತು. ಮುಟ್ಟಬೇಡ ಅಂದಿದ್ಯಲ್ಲ, ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಒಂದಿನ ಅಳೋದು ನಿಲ್ಲಿಸ್ತು."

ಅಷ್ಟು ಹೇಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಗೇಟಿನ ಹೊರಗೇ ನಿಂತಿದ್ದೆ.