ಗೇಣು ಮಣ್ಣಿನ ಹೊಲ

ಬೇಸಿಗೆಯ ಮಧ್ಯಾಹ್ನ, ಅಂಗಳಕ್ಕೆ ಹಾಸಿದ ಕಾದ ಫರಸಿಕಲ್ಲಿನ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೆ ಒಂದು ವಾಸನೆ ಏಳುತ್ತದೆ. ಅದು ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ, ಹಸಿ ಸುಣ್ಣದ್ದೂ ಅಲ್ಲ. ಶಹಾಬಾದದ ಸುತ್ತಮುತ್ತ ಬಾಳಿದವರಿಗೆ ವಿವರಿಸುವುದು ಬೇಕಿಲ್ಲ, ಉಳಿದವರಿಗೆ ಎಷ್ಟು ವಿವರಿಸಿದರೂ ತಿಳಿಯುವುದಿಲ್ಲ. ನಿನ್ನೆ ಸೊಸೆ ಅಂಗಳ ತೊಳೆಯುವಾಗ ಆ ವಾಸನೆ ಒಳಗಿನವರೆಗೆ ಬಂತು. ನನಗೆ ಭಂಕೂರಿನ ಮನೆಯೂ ನನ್ನ ಮಾವನವರೂ ನೆನಪಾದರು.

ನಾನು ತೆಂಗಳಿಯವಳು. ನಿಜಾಮನ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿದ್ದಾಗ ಮದುವೆಯಾಗಿ ಭಂಕೂರಿಗೆ ಬಂದೆ. ಗಂಡ ಚಿತ್ತಾಪುರದಲ್ಲಿ ಮಾಸ್ತರು. ಶನಿವಾರ ವಾಡಿಯಲ್ಲಿ ಗಾಡಿ ಬದಲಿಸಿ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅತ್ತೆ, ಮಾವ, ಮಾವನವರ ತಮ್ಮ ಮಲ್ಲೇಶಪ್ಪ. ಇವರನ್ನು ನಾನು ಸಣ್ಣ ಮಾವ ಎನ್ನುತ್ತಿದ್ದೆ. ನಿಜಾಮನ ಕಾಲದಲ್ಲಿ ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲಿ. ಮಾವನವರು ಉರ್ದುವನ್ನು ನೀರು ಕುಡಿದಂತೆ ಓದುತ್ತಿದ್ದರು, ಕನ್ನಡ ಅಕ್ಷರ ಮಾತ್ರ ಅವರಿಗೆ ತೊಡಕು. ನನಗೆ ಅಪ್ಪ ಮನೆಯಲ್ಲೇ ಕನ್ನಡ ಕಲಿಸಿದ್ದರಿಂದ ಕನ್ನಡ ಪತ್ರಿಕೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ತಿಳಿಯದ ಶಬ್ದ ಬಂದರೆ ನಾನು ತಡವರಿಸುತ್ತಿರಲಿಲ್ಲ, ಅರ್ಥವನ್ನು ನಾನೇ ಹುಟ್ಟಿಸಿ ಹೇಳಿಬಿಡುತ್ತಿದ್ದೆ. ಹೊಸ ಭೂಮಿ ಕಾನೂನಿನ ಬಗ್ಗೆ ಭಂಕೂರಿನಲ್ಲಿ ಹಬ್ಬಿದ್ದ ಗೊಂದಲದಲ್ಲಿ ನನ್ನದೂ ಒಂದು ಕಾಣಿಕೆ ಇರಬೇಕು.

ಆ ದಿನಗಳಲ್ಲಿ ಎಲ್ಲಿ ನಾಲ್ಕು ಜನ ಕೂತರೂ ಅದೇ ಮಾತು. ಶಹಾಬಾದದ ಚಹಾದಂಗಡಿಯಲ್ಲಿ ಅದೇ, ಹೊಲದ ಬದುವಿನ ಮೇಲೂ ಅದೇ. ಹೈದರಾಬಾದಿನ ಸರ್ಕಾರ ಕಾನೂನು ತರುತ್ತದಂತೆ, ಪಾಲಿಗೆ ಉಳುವವನನ್ನು ಮಾಲೀಕ ಮನಸ್ಸಿಗೆ ಬಂದಾಗ ಬಿಡಿಸುವಂತಿಲ್ಲವಂತೆ. ಉಳುವವರು ಒಳಗೊಳಗೇ ಹಿಗ್ಗಿದರು. ಹೊಲ ಇದ್ದವರು ತಲೆಯ ಮೇಲೆ ಕೈಹೊತ್ತು ಕೂತರು. ಅಷ್ಟರಲ್ಲಿ ಯಾರೋ ಇನ್ನೊಂದು ಸುದ್ದಿ ತಂದರು: ಕಾನೂನು ತಾಕುವುದು ಬೆಳೆ ಬೆಳೆಯುವ ಹೊಲಕ್ಕೆ ಮಾತ್ರ. ಕಲ್ಲಿನ ನೆಲಕ್ಕೆ, ಅಂದರೆ ಕಾಗದಪತ್ರದಲ್ಲಿ 'ಖರಾಬ' ಎಂದಿರುವ ಜಮೀನಿಗೆ, ತಾಕುವುದಿಲ್ಲ.

ಭಂಕೂರಿನಲ್ಲಿ ಎಲ್ಲಿ ಅಗೆದರೂ ಕಲ್ಲು. ನಿನ್ನೆಯವರೆಗೆ ಹೊಲವಾಗಿದ್ದವೆಲ್ಲ ಒಂದೇ ವಾರದಲ್ಲಿ ಖರಾಬ ಆಗತೊಡಗಿದವು.

ನಮ್ಮದೂ ಊರ ದಕ್ಷಿಣಕ್ಕೆ ಒಂದು ಹೊಲವಿತ್ತು. ಮೇಲೆ ಗೇಣು ಮಣ್ಣು, ಕೆಳಗೆ ಹಾಸಿಟ್ಟಂತೆ ಫರಸಿ. ಸಾಯಬಣ್ಣ ಎಂಬವನು ಅದನ್ನು ಪಾಲಿಗೆ ಮಾಡುತ್ತಿದ್ದ, ಅವನಿಗಿಂತ ಮೊದಲು ಅವನಪ್ಪ. ನೇಗಿಲು ಕಲ್ಲಿಗೆ ತಗುಲಿ ಕಿರ್‍ರೆನ್ನುವ ಸದ್ದು ಅವನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಬೇರೆಯವರ ಕರಿ ಎರೆಭೂಮಿಯಲ್ಲಿ ಹೂಡಿದರೆ ಏನೋ ಕಳೆದುಕೊಂಡಂತೆ ಆಗುತ್ತದೆ ಎನ್ನುತ್ತಿದ್ದ. ಆ ಹೊಲದ ಜೋಳ ಸಣ್ಣ ಕಾಳಿನದು. ರೊಟ್ಟಿ ಬಡಿಯಲು ಅತ್ತೆಯವರಿಗೆ ಅದೇ ಬೇಕು.

ಸಣ್ಣ ಮಾವನಿಗೆ ಅಲ್ಲಿ ಖಣಿ ತೆಗೆದು ಕಲ್ಲು ಮಾರುವ ಆಸೆ ಮೊದಲಿನಿಂದಲೂ ಇತ್ತು. ಒಂದು ದಿನ ಊಟಕ್ಕೆ ಕೂತಾಗ ಅಂದರು: "ಅಣ್ಣಾ, ಪಟ್ಟಾ ನಿನ್ನ ಹೆಸರಿಲೆ ಅದ. ಖರಾಬ ಅಂತ ಒಂದ್ ಮಾತ ಬರೆಸಿಬಿಡು. ಸಾಯಬಣ್ಣಗ ಬೇಕಾದ್ರ ಖಣಿಯೊಳಗ ಕೆಲಸ ಕೊಡಮು."

ಮಾವನವರು ಮಜ್ಜಿಗೆ ಸುರಿದುಕೊಂಡರು, ಮಾತಾಡಲಿಲ್ಲ. ಅದನ್ನು ಸಣ್ಣ ಮಾವ ಒಪ್ಪಿಗೆ ಎಂದುಕೊಂಡರು. ನಾವೂ ಹಾಗೆಯೇ ಎಂದುಕೊಂಡೆವು.

ಜನರ ಅಭಿಪ್ರಾಯ ಕೇಳಲು, ಯಾವುದು ಹೊಲ ಯಾವುದು ಖರಾಬ ಎಂದು ಬರೆದುಕೊಳ್ಳಲು ಚಿತ್ತಾಪುರದಿಂದ ಅಧಿಕಾರಿಯೊಬ್ಬರು ಬರುತ್ತಾರೆ ಎಂದು ಡಂಗುರ ಸಾರಿದರು. ಮಾವನವರು ಭಾಷಣದ ತಯಾರಿಗೆ ತೊಡಗಿದರು. ಬೆಳಿಗ್ಗೆ ಎದ್ದು ಇಷ್ಟಲಿಂಗ ಪೂಜೆ ಮುಗಿಸಿ, ದನದ ಕೊಟ್ಟಿಗೆಯ ಮುಂದೆ ನಿಂತು, ಶುದ್ಧ ಉರ್ದುವಿನಲ್ಲಿ, ಹಿರಿಯರ ಆಸ್ತಿಯ ಮೇಲೆ ಸರ್ಕಾರದ ಕೈ ಬರಬಾರದು ಎಂದು ಎಮ್ಮೆಗಳಿಗೆ ಮನವರಿಕೆ ಮಾಡಿಕೊಡುತ್ತಿದ್ದರು. ನಡುವೆ 'ಖರಾಬ' ಎಂಬ ಶಬ್ದವೂ ಗಂಭೀರವಾಗಿ ಬರುತ್ತಿತ್ತು. ಉರ್ದುವಿನಲ್ಲಿ ಆ ಮಾತು ಭಾಳ ಮರ್ಯಾದಸ್ಥವಾಗಿ ಕೇಳಿಸುತ್ತಿತ್ತು.

ಸಭೆ ನಡೆದದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ನಾನು ಕಿಟಕಿಯ ಒಳಗಡೆ, ಚಹಾದ ಹಿಂದೆ ಚಹಾ ಕಾಸುತ್ತ. ಹೊರಗೆ ವಾದ ಕಾವೇರಿತ್ತು. ಉಳುವವನಿಗೇ ಭೂಮಿ ಸಿಗಬೇಕು ಎಂದು ಒಬ್ಬ. ಹಾಗಾದರೆ ಉಳಲಾರದ ಮುದುಕರು ಏನು ತಿನ್ನಬೇಕು ಎಂದು ಇನ್ನೊಬ್ಬ. ಕಲ್ಲು ತೆಗೆದರೆ ಹತ್ತು ಮನೆ ಬದುಕುತ್ತವೆ ಎಂದು ಮತ್ತೊಬ್ಬ. ನಿಜ ಹೇಳಬೇಕೆಂದರೆ, ಯಾರ ಮಾತು ಕೇಳಿದರೂ ನನಗೆ ಅವರ ಮಾತೇ ಸರಿ ಅನಿಸುತ್ತಿತ್ತು.

ನಮ್ಮ ಹೊಲದ ಸರದಿ ಬಂತು. ಸಣ್ಣ ಮಾವ ಎದ್ದು ನಿಂತರು. "ಮ್ಯಾಲ ಗೇಣು ಮಣ್ಣದ, ಕೆಳಗ ಪೂರಾ ಫರಸಿ. ಇದಕ್ಕ ಹೊಲ ಅಂತ ಯಾರು ಅಂತಾರ್ರಿ ಸಾಹೇಬ್ರ?"

ಕಟ್ಟೆಯ ಕೆಳಗೆ ಕೂತಿದ್ದ ಸಾಯಬಣ್ಣ ಮೇಲೆದ್ದ. "ಗೇಣೇ ಅದರಿ. ನಾ ಇಲ್ಲ ಅನ್ನಂಗಿಲ್ಲ. ಆ ಗೇಣಿನಾಗೇ ನಮ್ಮಪ್ಪ ದುಡ್ದ, ನಾ ಭೀ ದುಡೀಲಿಕತ್ತೀನಿ." ಅಷ್ಟು ಹೇಳಿ ಕೂತುಬಿಟ್ಟ. ಮಾವನವರ ಕಡೆ ಅವನು ನೋಡಲೇ ಇಲ್ಲ.

ಅಧಿಕಾರಿ ಮಾವನವರತ್ತ ತಿರುಗಿದರು. ಮಾವನವರು ರುಮಾಲು ಸರಿಮಾಡಿಕೊಂಡು ಉರ್ದುವಿನಲ್ಲಿ ಶುರುಮಾಡಿದರು. ಎರಡು ವಾಕ್ಯವಾಗಿರಬೇಕು, ಅಧಿಕಾರಿ ಕೈ ಎತ್ತಿದರು. "ಗೌಡ್ರ, ಕನ್ನಡದಾಗೇ ಹೇಳ್ರಿ. ಕುಂತವ್ರಿಗೆ ಭೀ ತಿಳೀಲಿ."

ಮಾವನವರು ಮತ್ತೆ ರುಮಾಲು ಮುಟ್ಟಿಕೊಂಡರು. ಬಾಯಲ್ಲಿದ್ದ ಮಾತನ್ನು ಬೇರೆ ಪಾತ್ರೆಗೆ ಸುರಿಯಬೇಕಾಗಿತ್ತು, ಅದು ಇಳಿಯಲಿಲ್ಲ. ಸಾಯಬಣ್ಣ ನೆಲ ನೋಡುತ್ತ ಕೂತಿದ್ದ. ನನ್ನ ಚಹಾ ಉಕ್ಕಿ ಒಲೆಗೆ ಬಿತ್ತು.

"ಹೊಲ ಅದರಿ," ಅಂದರು ಕೊನೆಗೆ. "ಮಣ್ಣು ತೆಳ್ಳಗದ, ಆದ್ರ ಹೊಲ ಅದ. ನಾ ಅದ್ರ ರೊಟ್ಟಿ ಉಂಡೀನಿ." ಆಮೇಲೆ ದನಿ ಎತ್ತರಿಸಿ, "ಈ ಕಾನೂನು ಮಾತ್ರ ನನಗ ಪಸಂದ್ ಇಲ್ಲ. ಅದನ್ನ ಭೀ ಬರಕೋರಿ" ಎಂದು ಕೂತರು.

ಎಲ್ಲರಿಗೂ ಚಹಾ ಹೋಯಿತು. ಸಣ್ಣ ಮಾವ ಬಟ್ಟಲು ಮುಟ್ಟಲಿಲ್ಲ. ಆ ವರ್ಷವೇ ಆಸ್ತಿ ಪಾಲು ಮಾಡಿಕೊಂಡು ವಾಡಿಗೆ ಹೋಗಿ ಅಂಗಡಿ ಹಾಕಿದರು. ಅಣ್ಣತಮ್ಮಂದಿರು ಜಗಳವಾಡಿದ್ದನ್ನು ನಾನು ಕಾಣೆ, ನಕ್ಕದ್ದನ್ನೂ ಮತ್ತೆ ಕಾಣಲಿಲ್ಲ. ಕಾನೂನು ಬಂತು. ಕಾಲಕ್ರಮೇಣ ಹೊಲ ಸಾಯಬಣ್ಣನ ಹೆಸರಿಗಾಯಿತು.

ಇಲ್ಲಿಗೇ ನಿಲ್ಲಿಸಿದರೆ ಕತೆ ಚೆಂದ ಇರುತ್ತಿತ್ತು. ಕೆಲವು ವರ್ಷ ನಾನು ಇಲ್ಲಿಗೇ ನಿಲ್ಲಿಸಿಯೂ ಹೇಳಿದ್ದೇನೆ. ಆದರೆ ನಮ್ಮ ಸೀಮೆ ಮೈಸೂರಿಗೆ ಸೇರುತ್ತದೆ ಎಂಬ ಮಾತು ಜೋರಾಗಿದ್ದ ಹೊತ್ತಿಗೆ, ಒಂದು ಮುಂಜಾನೆ ಸಾಯಬಣ್ಣ ಬಂದು ಕಟ್ಟೆಯ ತುದಿಯಲ್ಲಿ ಕೂತ. "ಗೌಡ್ರ, ನಮ್ಮ ಹುಡುಗ್ರು ಕೇಳಾಕ ತಯಾರಿಲ್ಲ. ಹೊಲದಾಗ ಖಣಿ ಹಚ್ಚಲಿಕತ್ತಾರ. ಕಾಯಿ ನೀವೇ ಒಡೀಬೇಕು."

ಮಾವನವರು ಧೋತರ ಬದಲಿಸಿಕೊಂಡು ಹೋದರು, ಕಾಯಿ ಒಡೆದು ಬಂದರು. ಬಂದವರು ಕಾಲು ತೊಳೆದು ಊಟ ಬೇಡವೆಂದು ಮಲಗಿದರು. ಸುದ್ದಿ ವಾಡಿಗೆ ಮುಟ್ಟಿ ಸಣ್ಣ ಮಾವ ಬಂದು, "ಈಗರ ತಿಳೀತೇನು ಅಣ್ಣಾ?" ಅಂದರು. ಮಾವನವರು, "ಊಟ ಮಾಡಕೊಂಡು ಹೋಗು" ಅಂದರು. ಅಷ್ಟೇ.

ಸಂಜೆ ನಾನೇ ಧೈರ್ಯ ಮಾಡಿ ಕೇಳಿದೆ. "ಮಾವಾ, ಅವತ್ತು ಖರಾಬ ಅಂದಿದ್ರ ಚಲೋ ಇತ್ತು ಅನಸ್ತದೇನ್ರಿ?"

"ಅವತ್ತು ಅವ್ರು ಕೇಳಿದ್ದು ಅದು ಏನದ ಅಂತ," ಅಂದರು. "ಮುಂದ ಏನಾಗ್ತದ ಅಂತ ಯಾರೂ ಕೇಳಿರಲಿಲ್ಲ, ಯವ್ವಾ." ಆಮೇಲೆ, "ನಿಮ್ಮ ಅತ್ತಿಯವ್ರಿಗೆ ಇನ್ನ ರೊಟ್ಟಿ ಸರಿ ಬರಂಗಿಲ್ಲ" ಎಂದರು.

ಮಾವನವರು ಗೆದ್ದರೋ ಸೋತರೋ ಎಂದು ಬಹಳ ಕಾಲ ತೂಗಿ ನೋಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಭೂಮಿಯ ಮೇಲೆ ಈಗಲೂ ಹೊಸ ಕಾನೂನುಗಳು ಬರುತ್ತಲೇ ಇವೆ, ಯಾವುದು ಹೊಲ, ಯಾವುದು ಮನೆ ಕಟ್ಟುವ ಜಾಗ ಎಂಬ ವಾದ ಟಿವಿಯಲ್ಲಿ ನಡೆದೇ ಇರುತ್ತದೆ. ಮೊಮ್ಮಗ ಸದ್ದು ಕಡಿಮೆ ಮಾಡಲು ಹೋದರೆ ನಾನು ಬೇಡವೆನ್ನುತ್ತೇನೆ, ಎರಡೂ ಕಡೆಯವರನ್ನು ಪೂರ್ತಿ ಕೇಳುತ್ತೇನೆ. ನಿನ್ನೆ ಅವನು, "ಅಜ್ಜಿ, ನೀ ಯಾರ ಕಡಿ?" ಎಂದು ಕೇಳಿದ.

"ಇವ್ರೊಳಗ ಯಾರಾರ ತಾವು ಜಗಳಾಡೋ ಆ ಹೊಲ ನೋಡ್ಯಾರೇನು?" ಎಂದೆ.